ಮಾರನಹಳ್ಳಿ ಬಂತೇನ್ರೀ?

ಎಲ್ಲರಿಗಿಂತ ಮೊದಲು ನಕ್ಕವಳು ನೂರೀನೇ. ಪರದೆಯ ಮೇಲೆ ತಗಡು ಎಂಬ ಆ ಡೊಳ್ಳುಹೊಟ್ಟೆಯ ರೋಬೋ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಎದೆಯ ಮುಚ್ಚಳ ತೆಗೆದು, ಒಳಗಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಕಿವಿಗೆ ಕೈ ಹಿಡಿದುಕೊಂಡಿತು. ಹದಿಮೂರು ವರ್ಷದ ಮೇಲೆ ಮತ್ತೆ ಕಂಡ ಮುಖ. ಅದು ಬಾಯಿ ತೆರೆಯುವ ಮುಂಚೆಯೇ ಅವಳಿಗೆ ನಗು ಉಕ್ಕಿತ್ತು. ಆಮೇಲೆ ಅದು ಬಾಯಿ ತೆರೆಯಿತು.

“ಮಾರನಹಳ್ಳಿ ಬಂತೇನ್ರೀ? ನೀರು ಕಾದೈತೆ ಕಣ್ರೀ.”

ದಯಾನಂದನ ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒತ್ತೊತ್ತಾಗಿ ಕೂತಿದ್ದ ಹದಿನೇಳು ಜನ ಹೋ ಎಂದು ಎದ್ದು ನಿಂತರು. ಎಲ್ಲಿಯ ಆಕಾಶ, ಎಲ್ಲಿಯ ಗ್ರಹ, ಎಲ್ಲಿಯ ಶಿರಾಡಿ ಘಾಟಿಯ ನೆತ್ತಿಯ ಮಾರನಹಳ್ಳಿ! ಒಬ್ಬ ಶಿಳ್ಳೆ ಹೊಡೆದ. ಇನ್ನೊಬ್ಬ ಕುರ್ಚಿಯ ಮೇಲೆ ಹತ್ತಿ, “ನಮ್ಮೂರು ಕಣ್ರೋ” ಎಂದು ಕೂಗಿದ. ನೂರೀನಳ ನಗು ಮಾತ್ರ ಅರ್ಧಕ್ಕೇ ನಿಂತಿತು. ಬಾಯಿ ಇನ್ನೂ ತೆರೆದೇ ಇತ್ತು. ಮುಚ್ಚಬೇಕು ಎಂಬುದು ಅವಳಿಗೆ ಹೊಳೆಯಲಿಲ್ಲ.

ಊರಿಗೊಂದು ಹುಚ್ಚಿರುತ್ತದೆ. ಸಕಲೇಶಪುರದ ಒಂದು ತಲೆಮಾರಿನ ಹುಡುಗ ಹುಡುಗಿಯರಿಗೆ ಈ ‘ಗಗನ ಲಗೇಜ್’ ಹಿಡಿದಿತ್ತು. ಯಾವುದೋ ದೇಶದ ಕಾರ್ಟೂನು, ಕನ್ನಡಕ್ಕೆ ಡಬ್ ಆಗಿ ದಿನಾ ಸಂಜೆ ಐದೂವರೆಗೆ ಟೀವಿಯಲ್ಲಿ ಬರುತ್ತಿತ್ತು. ಝಂಪಣ್ಣ ಎಂಬ ಹೊಟ್ಟೆಬಾಕ, ಲಡಕಾಸಿ ಆಕಾಶನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಸಾಮಾನು ಸಾಗಿಸುವವನು. ಅವನ ಕ್ಲೀನರ್ ಈ ತಗಡು. ಸಾಮಾನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಿಲ್ಲ. ಅರ್ಧಕ್ಕರ್ಧ ಲಾರಿಗಳ ಊರಾದ ಸಕಲೇಶಪುರಕ್ಕೆ ಇದಕ್ಕಿಂತ ಹತ್ತಿರದ ಕಥೆ ಇನ್ನೇನಿದ್ದೀತು? ಒಂದು ದಿನ ಹೇಳದೆ ಕೇಳದೆ ನಿಲ್ಲಿಸಿಬಿಟ್ಟರು. ಮಕ್ಕಳೆಲ್ಲ ದೊಡ್ಡವರಾದರು, ಹುಚ್ಚು ದೊಡ್ಡದಾಯಿತು, ವಾಟ್ಸಾಪ್ ಬಂದ ಮೇಲೆ ಅದಕ್ಕೊಂದು ಗುಂಪೂ ಆಯಿತು.

ಆ ಗುಂಪು ಕಟ್ಟಿದವಳು ನೂರೀನ್. ಹಗಲು ಕಾಫಿ ಖರೀದಿಯ ಸ್ಟೋರಿನಲ್ಲಿ ಬೀಜದ ತೇವ ನೋಡುವ ಕೆಲಸ, ಸಂಜೆ ತಗಡಿನ ಸೇವೆ. ಸೀರಿಯಲ್ ಮತ್ತೆ ಶುರುವಾಗುತ್ತದಂತೆ ಎಂಬ ಸುದ್ದಿ ಬಂದಾಗ ಕನ್ನಡದಲ್ಲೂ ಬರಲೇಬೇಕೆಂದು ಕಂಪನಿಗೆ ಪತ್ರದ ಮೇಲೆ ಪತ್ರ ಬರೆದಳು. ಉತ್ತರ ಬಾರದಿದ್ದಾಗ, ಒಂದು ಖಾಲಿ ಕಾಫಿ ಚೀಲದ ತುಂಬ ನೂರಾರು ಜನರ ಸಹಿ ಹಾಕಿಸಿ ಚೀಲವನ್ನೇ ಕೊರಿಯರ್ ಮಾಡಿಸಿದಳು. ಕನ್ನಡದ ಮಾತು ಬರೆಯಲು ನಮ್ಮ ಕಡೆಯವರೇ ಬೇಕು ಎಂದು ಚೀಲದ ಬಾಯಿಯ ಹತ್ತಿರ ಒಂದು ಹೆಸರನ್ನೂ ಬರೆದಳು. ಹೆಗ್ಗದ್ದೆಯ ಶಾಂತಮಲ್ಲಪ್ಪನವರ ಮಗಳು ಮಾನಸಾ. ಕಂಪನಿಯವರು ಚೀಲ ನೋಡಿ ನಕ್ಕರೋ ಏನೋ, ಹೆಸರನ್ನಂತೂ ಒಪ್ಪಿಕೊಂಡರು.

ಆ ಮಾನಸಾ ಈಗ ಕೋಣೆಯ ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ಅವಳು ಪರದೆ ನೋಡುತ್ತಿರಲಿಲ್ಲ, ನೂರೀನಳನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳ ಹಾಗೆ.

ಪರದೆಯಲ್ಲಿ ಝಂಪಣ್ಣ ಕಪ್ಪುರಂಧ್ರಕ್ಕೆ ಬಿದ್ದು ಕಾಣೆಯಾಗಿದ್ದ. ಯಾವುದೋ ಬೋಳು ಗ್ರಹದಲ್ಲಿ ಒಂಟಿಯಾಗಿ ಉಳಿದ ತಗಡು ದಿನಾ ಸಂಜೆ ಒಲೆ ಹಚ್ಚುತ್ತದೆ, ಫೋನು ಮಾಡುತ್ತದೆ, ಅದೇ ಮಾತು ಹೇಳುತ್ತದೆ. ಆ ಕಡೆಯಿಂದ ಉತ್ತರವಿಲ್ಲ. ನೀರು ಕುದ್ದು ಕುದ್ದು ಆವಿಯಾಗುತ್ತದೆ. ಕೊನೆಗೊಂದು ಸಂಜೆ ಆ ಕಡೆ ಯಾರೋ ಫೋನ್ ಎತ್ತಿದರು. ತಗಡಿನ ಎರಡೂ ಕಣ್ಣಿನ ಬಲ್ಬು ಹೊತ್ತಿಕೊಂಡವು. ಮೂರು ಮೂತಿಯ ಒಂದು ಅನ್ಯಗ್ರಹದ ಪ್ರಾಣಿ ಆಕಳಿಸುತ್ತ ಹೇಳಿತು, “ರಾಂಗ್ ನಂಬರ್ ಅಮ್ಮಾ.”

ಕೋಣೆ ಕಿತ್ತುಹೋಗುವ ಹಾಗೆ ನಕ್ಕಿತು. ಪರದೆಯೊಳಗೂ ನಗುವಿನ ಸದ್ದು ಹಾಕಿದ್ದರು. ನೂರೀನ್ ಎದ್ದು ಮರದ ಮೆಟ್ಟಿಲಿಳಿದು ಕೆಳಗೆ ಬಂದಳು.

ಅವಳ ಅಪ್ಪ ಇಸ್ಹಾಕ್ ಲಾರಿಯಲ್ಲಿ ಕಾಫಿ ತುಂಬಿಕೊಂಡು ಮಂಗಳೂರಿಗೆ ಹೋಗಿ ಬರುತ್ತಿದ್ದ. ವಾಪಸು ಬರುವಾಗ ಘಾಟಿಯ ಬುಡದ ಗುಂಡ್ಯದಿಂದ ಮನೆಗೊಂದು ಫೋನು, “ಹತ್ತುತಾ ಇದೀನಿ.” ಮಧ್ಯೆ ಕಾಡಿನಲ್ಲಿ ಸಿಗ್ನಲ್ ಇಲ್ಲ. ಮೇಲೆ ಮಾರನಹಳ್ಳಿ ತಲುಪಿದ ಮೇಲೆ ಇನ್ನೊಂದು ಫೋನು, “ಮಾರನಹಳ್ಳಿ ಬಂತು.” ಅಷ್ಟು ಹೇಳಿದರೆ ಸಾಕು, ಅಮ್ಮ ಜೈನಾಬಿ ಎದ್ದು ಬಚ್ಚಲ ಒಲೆಗೆ ಸೌದೆ ಇಡುವಳು. ಅಲ್ಲಿಂದ ಮನೆಗೆ ಲಾರಿ ಬರುವ ಹೊತ್ತಿಗೂ ಹಂಡೆಯ ನೀರು ಕಾಯುವ ಹೊತ್ತಿಗೂ ಸರಿಹೋಗುತ್ತಿತ್ತು. ಜೈನಾಬಿ ಆಲೂರು ಕಡೆಯ ಹಳ್ಳಿಯವಳು, ಉರ್ದುವಿಗಿಂತ ಕನ್ನಡವೇ ಅವಳ ನಾಲಿಗೆಗೆ ಸಲೀಸು. ಫೋನು ತಡವಾದರೆ ಅವಳೇ ಮಾಡಿ ಕೇಳುವಳು, ಮಾರನಹಳ್ಳಿ ಬಂತೇನ್ರೀ ಅಂತ.

ಒಂಬತ್ತು ವರ್ಷದ ಹಿಂದೆ ಗುಂಡ್ಯದ ಫೋನು ಬಂತು, ಮಾರನಹಳ್ಳಿಯದು ಬರಲಿಲ್ಲ. ಲಾರಿ ಕೆಂಪುಹೊಳೆಯ ಕಡೆಯ ತಿರುವಿನಲ್ಲಿ ಉರುಳಿತ್ತು. ಗಂಡ ಸತ್ತವರು ಮನೆಯೊಳಗೇ ಇರಬೇಕಾದ ಇದ್ದತ್ತಿಗೆ ಕೂತ ಜೈನಾಬಿ ಯಾರೆದುರೂ ಅಳಲಿಲ್ಲ. ಗಟ್ಟಿಗಿತ್ತಿ ಎಂದರು ನೆಂಟರು. ಸಂಜೆಯ ನಮಾಜು ಮುಗಿಸಿ ಬಚ್ಚಲಿಗೆ ಹೋಗಿ, ಒಲೆ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಅವಳು ಸತ್ತ ಗಂಡನ ನಂಬರಿಗೆ ಫೋನು ಮಾಡುತ್ತಿದ್ದದ್ದು ನೆಂಟರಿಗೆ ಗೊತ್ತಿರಲಿಲ್ಲ. ಸ್ವಿಚಾಫ್ ಎಂದು ಹೇಳುವ ಹೆಣ್ಣುದನಿಯ ಮೇಲೆಯೇ ಅವಳು ತನ್ನ ಮಾತು ಆಡಿ ಮುಗಿಸುವಳು. ಹಾಗೇ ಏಳೆಂಟು ತಿಂಗಳು. ಆಮೇಲೆ ಆ ನಂಬರನ್ನು ಕಂಪನಿ ಇನ್ನಾರಿಗೋ ಕೊಟ್ಟುಬಿಟ್ಟಿತ್ತು. ಒಂದು ಸಂಜೆ ಯಾರೋ ಎತ್ತಿದರು. ಅವತ್ತಿನಿಂದ ಜೈನಾಬಿ ಫೋನು ಮಾಡುವುದನ್ನು ನಿಲ್ಲಿಸಿದಳು.

ಇದು ನೂರೀನಳಿಗೆ ಗೊತ್ತಿತ್ತು, ಬಾಗಿಲಿನ ಈಚೆ ನಿಂತು ಕೇಳಿದ್ದಳು. ಅವಳು ಹೇಳಿದ್ದು ಒಬ್ಬಳಿಗೆ ಮಾತ್ರ. ಹೈಸ್ಕೂಲಿನಲ್ಲಿದ್ದಾಗ, ಹಾಸ್ಟೆಲಿನಲ್ಲಿ ಟೀವಿ ಇಲ್ಲವೆಂದು ದಿನಾ ಸಂಜೆ ಅವರ ಮನೆಗೆ ಓಡಿಬಂದು, ಜೈನಾಬಿ ಕರಿದ ಬೋಂಡ ತಿಂದು, ತಗಡನ್ನು ನೋಡಿ ಹೋಗುತ್ತಿದ್ದ ಮಾನಸಾಳಿಗೆ.

“ಎದ್ದು ಬಂದ್ಬುಟ್ಟೆ?” ಮಾನಸಾ ಮೆಟ್ಟಿಲಿಳಿದು ಬಂದಳು. “ಇನ್ನೂ ಐದು ನಿಮಿಷ ಐತೆ ಕಣೇ.”

“ಯಾರನ್ನ ಕೇಳಿ ಬರ್ದೆ?”

ಮಾನಸಾಳ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. “ಚೆನ್ನಾಗಿಲ್ವಾ?”

“ಅದು ನಮ್ಮಮ್ಮಿದು.”

“ಗೊತ್ತು. ಅದಕ್ಕೇ ಬರ್ದಿದ್ದು. ಅವ್ರು ಕಳಿಸಿದ್ರಲ್ಲಿ ಅಲ್ಲಿ ಬರೀ ಹಲೋ ಹಲೋ ಅಂತ ಇತ್ತು. ಪಾಪದ್ದು ಒಂದೇ ಕೂತ್ಕೊಂಡು ಫೋನ್ ಮಾಡ್ತೈತೆ, ನಂಗೆ ಅಮ್ಮಿನೇ ಕಣ್ಮುಂದೆ ಬಂದ್ರು. ಬರೀತಾ ಅತ್ತಿದೀನಿ ನಾನು, ಸುಳ್ಳಲ್ಲ.”

“ನೀನು ಅತ್ತೆ. ಅವ್ರು ನಗ್ತಾವ್ರೆ, ಕೇಳ್ತೈತಾ?”

ಮೇಲಿನಿಂದ ಕಾಲು ಬಡಿಯುವ ಸದ್ದು ಬರುತ್ತಲೇ ಇತ್ತು. ಹಲಗೆಯ ಸಂದಿಯಿಂದ ಧೂಳು ಉದುರಿತು.

“ನಗು ನಾನು ಹಾಕಿದ್ದಲ್ಲ ನೂರೀ. ಅದು ಅವ್ರ ಕೆಲ್ಸ.”

“ರಾಂಗ್ ನಂಬರ್?”

ಮಾನಸಾ ಹೆಗಲ ಮೇಲೆ ಬಿದ್ದ ಧೂಳು ಕೊಡವಿಕೊಂಡಳು. ಆಮೇಲೆ ಹೇಳಬಾರದ್ದನ್ನೇ ಹೇಳಿದಳು. “ಅವತ್ತು ಹೊಳೆ ಹತ್ರ ಕೂತು ಹೇಳ್ದಾಗ ನೀನೂ ನಕ್ಕಿದ್ದೆ. ಇಬ್ರೂ ನಕ್ಕಿದ್ವಿ.”

ನಕ್ಕಿದ್ದು ನಿಜ. ಹೇಮಾವತಿಯ ದಂಡೆಯಲ್ಲಿ ಇಬ್ಬರೂ ಅತ್ತು ಅತ್ತು, ಇನ್ನು ಅಳುವುದಕ್ಕೆ ಏನೂ ಉಳಿಯದೆ, ಯಾವನೋ ಪುಣ್ಯಾತ್ಮ ಜೈನಾಬಿಗೆ ರಾಂಗ್ ನಂಬರ್ ಎಂದದ್ದನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ಯಾವ ಜಾತಿಯದೆಂದು ಮಾನಸಾಳಿಗೆ ಗೊತ್ತಿದೆ ಎಂದೇ ನೂರೀನ್ ಇಷ್ಟು ವರ್ಷ ನಂಬಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರನ್ನು? ಅವಳು ಚಪ್ಪಲಿ ಮೆಟ್ಟಿಕೊಂಡು, “ಅಮ್ಮಿಗೆ ಇದು ಗೊತ್ತಾಗ್ಬಾರ್ದು. ಮನೆ ಕಡೆ ಬರ್ಬೇಡ ನೀನು” ಎಂದಷ್ಟೇ ಹೇಳಿ ಹೊರಟಳು.

ಗುಂಪಿನಲ್ಲಿ ಆಗಲೇ ಬೆಂಕಿ ಹೊತ್ತಿತ್ತು. ಅಭಿಮಾನಿಗಳ ಅಭಿಮಾನ ಹೊತ್ತು ಬಂದರೆ ಹೇಗೆ ತಿರುಗಿ ಬೀಳುತ್ತದೆ ಎಂಬುದನ್ನು ಅವತ್ತು ನೋಡಬೇಕಿತ್ತು. ಝಂಪಣ್ಣನ ಹೊಟ್ಟೆ ಎಲ್ಲಿ, ಜಿಮ್ಮಿಗೆ ಕಳಿಸಿದ್ದೀರಾ ಎಂದು ಒಬ್ಬ. ಹಳೆಯ ಟೈಟಲ್ ಹಾಡು ತೆಗೆದವರ ಕೈಗೆ ಹುಳ ಬೀಳಲಿ ಎಂದು ಒಬ್ಬಳು. ಬಿಸಿಲೆಯಿಂದ ಗಂಗಾಮಣಿ ಎಂಬಾಕೆ ಮೂರು ನಿಮಿಷದ ಧ್ವನಿ ಕಳಿಸಿದ್ದಳು. “ಮೋಸ ಕಣ್ರೀ ಇದು. ನನ್ ಮಗೀಗೂ ತೋರ್ಸಣ ಅಂತ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿ ಕೂತ್ರೆ, ನಮ್ ತಗಡೇ ಅಲ್ಲ ಇದು, ಯಾರೋ ಬೇರೆಯವ್ರಿಗೆ ಅದರ ಬಟ್ಟೆ ಹಾಕಿ ಕಳ್ಸವ್ರೆ. ಆ ಮಾರನಹಳ್ಳಿ ಮಾತು ಒಂದು ಬಂತಲ್ಲ, ಅಷ್ಟೇ ನೋಡಿ ಸಮಾಧಾನ.”

ಎಲ್ಲರ ಸಮಾಧಾನವೂ ಅದೊಂದೇ ಆಗಿತ್ತು. ದಯಾನಂದ ಸಂಜೆಯೊಳಗೆ ಅದನ್ನು ರಿಂಗ್‌ಟೋನ್ ಮಾಡಿ ಹಂಚಿದ. ಸೋಮವಾರ ಯಾರೋ ಹುಡುಗರು ಮಾರನಹಳ್ಳಿಯ ಬೋರ್ಡಿನ ಕೆಳಗೆ ಬಕೆಟ್ ಇಟ್ಟುಕೊಂಡು ನಿಂತು ರೀಲ್ಸ್ ಮಾಡಿದರು. ಬುಧವಾರದ ಹೊತ್ತಿಗೆ ತಗಡು ಎಂದರೆ ಏನೆಂದು ಗೊತ್ತಿಲ್ಲದವರ ಬಾಯಲ್ಲೂ ಅದೇ ಮಾತು. ನೂರೀನಳ ಸ್ಟೋರಿನಲ್ಲಿ ಚೀಲ ಹೊರುವ ಗಿಡ್ಡಯ್ಯ, ಲಾರಿಯೊಂದು ಗೇಟಿನೊಳಗೆ ಬರುತ್ತಲೇ, “ಮಾರನಹಳ್ಳಿ ಬಂತೇನ್ರೀ” ಎಂದು ಹೆಣ್ಣುದನಿ ತೆಗೆದ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ನೀರು ಕಾದೈತೇನಮ್ಮಾ” ಎಂದ. ಸ್ಟೋರಿಗೆ ಸ್ಟೋರೇ ನಕ್ಕಿತು. ನೂರೀನ್ ಅವತ್ತು ಒಂದೇ ಬೀಜದ ತೇವವನ್ನು ಮೂರು ಸಲ ನೋಡಿ ಮೂರು ಸಲವೂ ತಪ್ಪು ಬರೆದಳು.

ಗುಂಪಿಗೆ ಬಂದ ಆ ತುಣುಕುಗಳನ್ನೆಲ್ಲ ಅವಳು ಅಳಿಸತೊಡಗಿದಳು. ಯಾಕೆಂದು ಹೇಳುವ ಹಾಗಿಲ್ಲ. ಹೇಳಿದರೆ ಎಲ್ಲರಿಗೂ ತಾನೇ ಸಾರಿದಂತೆ. ಅಡ್ಮಿನ್ ಕಂಪನಿಯವರಿಗೆ ಮಾರಾಟವಾಗಿದ್ದಾರೆ ಎಂದು ಯಾರೋ ಬರೆದರು. ಆರು ವರ್ಷ ಅವಳ ಜೊತೆಗಿದ್ದ ಹತ್ತಿಪ್ಪತ್ತು ಮಂದಿ ಹೆಬ್ಬೆಟ್ಟು ಎತ್ತಿ ಒಪ್ಪಿಗೆ ಸೂಚಿಸಿದರು. ದಯಾನಂದ ಫೋನು ಮಾಡಿದ.

“ಅಲ್ಲ ನೂರೀನ್, ಅಷ್ಟ್ರಲ್ಲೂ ಚೆನ್ನಾಗಿರೋದು ಅದೊಂದು. ಅದನ್ನೇ ಅಳಿಸ್ತಾ ಕೂತಿದೀಯಲ್ಲ ಮಾರಾಯ್ತಿ. ಏನಾಗೈತೆ ನಿಂಗೆ?”

“ಏನಿಲ್ಲ” ಎಂದಳು ನೂರೀನ್. ಫೋನು ಇಟ್ಟಳು.

ಹೊರಗಿನವರದ್ದು ಹಾಳಾಗಲಿ. ಮನೆಯಲ್ಲಿ ಜೈನಾಬಿಯ ಕಣ್ಣು ತಪ್ಪಿಸುವುದೇ ದೊಡ್ಡ ಕೆಲಸವಾಯಿತು. ಮಂಡಿನೋವಿನಿಂದ ಅವಳು ಮನೆ ಬಿಟ್ಟು ಹೊರಡುತ್ತಿರಲಿಲ್ಲ, ಅಷ್ಟೇ ಪುಣ್ಯ. ಆದರೆ ತಗಡು ಅವಳಿಗೂ ಇಷ್ಟದ್ದೇ. ಆಗಿನ ಕಾಲಕ್ಕೆ ಹುಡುಗಿಯರಿಗೆ ಬೋಂಡ ಕೊಡುವ ನೆಪದಲ್ಲಿ ಬಂದು, ಸೌಟು ಕೈಯಲ್ಲಿ ಹಿಡಿದೇ ಅರ್ಧ ಗಂಟೆ ನಿಂತು ನೋಡಿ ಹೋಗುತ್ತಿದ್ದಳು.

“ಬಂತೇನೇ ನಮ್ಮ ತಗಡು? ಭಾನುವಾರ ಅಂದಿದ್ದೆ” ಎಂದು ಸೋಮವಾರ ಕೇಳಿದಳು.

“ಬಂದಿಲ್ಲ ಅಮ್ಮಿ. ಮುಂದಕ್ಕೆ ಹಾಕ್ಬುಟ್ರು.”

ಮಂಗಳವಾರ ನೆಟ್ ಇಲ್ಲ ಎಂದಳು. ಬುಧವಾರ, ಅದು ಚೆನ್ನಾಗಿಲ್ಲವಂತೆ, ನೋಡುವ ಹಾಗಿಲ್ಲವಂತೆ ಎಂದಳು. ಜೈನಾಬಿ ಅಕ್ಕಿಯಲ್ಲಿನ ಕಲ್ಲು ಆರಿಸುತ್ತ, “ಚೆನ್ನಾಗಿಲ್ದಿದ್ರೂ ಪರ್ವಾಗಿಲ್ಲ, ಮುಖ ಒಂದ್ಸಲ ನೋಡಣ ಅಂತ” ಎಂದಳು. ಗುರುವಾರ ಅವಳು ಕೇಳಲಿಲ್ಲ. ಬಚಾವಾದೆ ಎಂದುಕೊಂಡಳು ನೂರೀನ್.

ಶುಕ್ರವಾರ ಕರೆಂಟಿಲ್ಲವೆಂದು ಸ್ಟೋರನ್ನು ಮಧ್ಯಾಹ್ನವೇ ಬಿಟ್ಟರು. ಮನೆಯ ಮೆಟ್ಟಿಲ ಮೇಲೆ ಮಾನಸಾಳ ಚಪ್ಪಲಿಗಳಿದ್ದವು. ನೂರೀನ್ ತನ್ನವನ್ನು ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

ನಡುಮನೆಯಲ್ಲಿ ಜೈನಾಬಿ ಮತ್ತು ಮಾನಸಾ ಹೆಗಲಿಗೆ ಹೆಗಲು ತಾಗಿಸಿ ಚಾಪೆಯ ಮೇಲೆ ಕೂತಿದ್ದರು. ನೀರಿನ ಚೊಂಬಿಗೆ ಒರಗಿಸಿದ ಫೋನಿನಲ್ಲಿ ತಗಡು ಒಲೆ ಊದುತ್ತಿತ್ತು. ಮಾನಸಾ ತಲೆಯೆತ್ತಿ ನೋಡಿ, “ಅಮ್ಮಿನೇ ಫೋನ್ ಮಾಡಿ ಕರೆದ್ರು. ಹೆಂಗೆ ಆಗಲ್ಲ ಅನ್ಲಿ” ಎಂದು ಮೆತ್ತಗೆ ಹೇಳಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಜೈನಾಬಿ ಮಗಳ ಕಡೆ ತಿರುಗದೆ, ಸದ್ದು ಮಾಡಬೇಡಿ ಎಂದು ಕೈಯಾಡಿಸಿದಳು.

ನೂರೀನ್ ಬಾಗಿಲಲ್ಲೇ ನಿಂತಳು. ಫೋನು ಕಿತ್ತುಕೊಳ್ಳಲು ನಾಲ್ಕು ಹೆಜ್ಜೆ ಸಾಕಿತ್ತು. ಆ ನಾಲ್ಕು ಹೆಜ್ಜೆ ಅವಳ ಕೈಲಾಗಲಿಲ್ಲ. ತಗಡು ಗುಂಡಿ ಒತ್ತಿತು, ಕಿವಿಗೆ ಕೈ ಹಿಡಿಯಿತು, ಆ ಮಾತು ಹೇಳಿತು. ಫೋನಿನೊಳಗಿನವರು ನಕ್ಕರು. ಜೈನಾಬಿಯ ಬೆನ್ನು ಅಲುಗಲಿಲ್ಲ. ಒಂದು ಸಂಜೆಯಾಯಿತು, ಇನ್ನೊಂದು ಸಂಜೆಯಾಯಿತು, ನೀರು ಆವಿಯಾಯಿತು. ರಾಂಗ್ ನಂಬರ್ ಅಮ್ಮಾ ಎಂದಾಗ ಮಾತ್ರ ಅವಳು ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಕೊನೆಯವರೆಗೂ ನೋಡಿದಳು. ಹೆಸರುಗಳು ಮೇಲೆ ಹೋಗಿ, ಪರದೆ ಕಪ್ಪಾಗಿ, ಅದರಲ್ಲಿ ಅವಳದೇ ಮುಖ ಕಂಡ ಮೇಲೆ ಫೋನನ್ನು ಎತ್ತಿ ಮಾನಸಾಳ ಕೈಗೆ ಕೊಟ್ಟಳು.

“ನೀನೇ ಬರ್ದಿದ್ದಾ ಮಗಾ?”

“ಹೂಂ ಅಮ್ಮಿ.”

“ಚೆನ್ನಾಗೈತೆ.”

ಮಾನಸಾ ಬಿಕ್ಕಿದಳು. “ತಪ್ಪಾಯ್ತು ಅಮ್ಮಿ. ನಿಮ್ಮನ್ನ ನೆನೆಸ್ಕೊಂಡೇ ಬರ್ದೆ. ನಗಾಡಕ್ಕೆ ಅಂತ ಬರೀಲಿಲ್ಲ.”

“ಅಳ್ಬೇಡ. ನೀನು ಹೊರಗಿನವಳು. ನಿನ್ ಕಿವಿಗೆ ಬಿತ್ತು, ನೀನು ಬರ್ದೆ. ನಿಂದೇನೈತೆ ಇದ್ರಲ್ಲಿ.”

ಹದಿನೈದು ವರ್ಷ ಬೋಂಡ ತಿಂದ ಮನೆಯಲ್ಲಿ ಹೊರಗಿನವಳಾಗಿ ಮಾನಸಾ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಬ್ಯಾಗು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ನೂರೀನಳ ಪಕ್ಕದಿಂದ ಹಾದು ಹೋದಳು. ನೂರೀನಳಿಗೆ ಅವಳ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಹುಡುಕುವುದಕ್ಕೂ ಧೈರ್ಯ ಬರಲಿಲ್ಲ.

ಜೈನಾಬಿ ಮಂಡಿಯ ಮೇಲೆ ಕೈಯೂರಿ ಎದ್ದು, ಚಾಪೆ ಸುತ್ತಿ ಮೂಲೆಗಿಟ್ಟಳು. ಚೊಂಬು ಎತ್ತಿಕೊಂಡಳು. ಆಗ ಮೊದಲ ಸಲ ಮಗಳನ್ನು ನೋಡಿದಳು.

“ಆವಾಗ ಬಚ್ಚಲ ಬಾಗ್ಲ ಹಿಂದೆ ಇದ್ದ್ಯಾ ನೀನು?”

ನೂರೀನ್ ತಲೆಯಾಡಿಸಿದಳು.

“ಎಷ್ಟು ದಿನ?”

ಒಂದೆರಡು ದಿನ ಎನ್ನಬಹುದಿತ್ತು. ಆ ವಾರವಿಡೀ ಸುಳ್ಳು ಹೇಳಿ ಪಳಗಿದ್ದ ನಾಲಿಗೆ ಈಗ ಏಳಲಿಲ್ಲ. “ದಿನಾ” ಎಂದಳು.

ಜೈನಾಬಿ ಆ ಮಾತನ್ನು ಕೇಳಿಸಿಕೊಂಡು ನಿಂತಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು, ಹೊಡೆದರೆ ಒಳ್ಳೆಯದಿತ್ತು ಎಂದು ನೂರೀನಳಿಗೆ ಅನ್ನಿಸುತ್ತಿತ್ತು.

“ಒಂದ್ಸಲನಾದ್ರೂ ಕೆಮ್ಮಬಾರ್ದಿತ್ತಾ?” ಎಂದಳು ಜೈನಾಬಿ.

“ಅಮ್ಮಿ, ನೀನು ಬೇಜಾರು ಮಾಡ್ಕೋತೀಯ ಅಂತ...”

“ನಾನೂ ಅವ್ರೂ ಇಬ್ರೇ ಇದೀವಿ ಅಂದ್ಕೊಂಡಿದ್ದೆ ಕಣೇ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಸಂಜೆ ಎಂದಿನಂತೆ ರೊಟ್ಟಿ ಬಡಿದಳು, ಮಗಳಿಗೆ ಎರಡು ಹೆಚ್ಚೇ ಹಾಕಿದಳು. ಉಪ್ಪು ಸಾಕಾ ಎಂದು ಕೇಳಿದಳು. ಸಾಕು ಎಂದಳು ನೂರೀನ್. ತಾಯಿ ಮಗಳು ಅವತ್ತು ಆಡಿದ ಮಾತು ಇಷ್ಟೇ. ಗುಂಪಿನಿಂದ ಬರುತ್ತಿದ್ದ ಮೆಸೇಜುಗಳಿಗೆ ಫೋನು ಗೂಡಿನಲ್ಲಿ ಕುಂಯ್ ಕುಂಯ್ ಎನ್ನುತ್ತಲೇ ಇತ್ತು. ಎರಡನೇ ಕಂತು ಬಂದಿತ್ತಂತೆ, ಅದು ಮೊದಲನೆಯದಕ್ಕಿಂತ ಹಾಳಾಗಿತ್ತಂತೆ. ನೂರೀನ್ ಗುಂಪನ್ನು ದಯಾನಂದನ ಹೆಸರಿಗೆ ಬಿಟ್ಟುಕೊಟ್ಟು ಹೊರಬಂದಳು. ಅದರಿಂದ ಅವಳಿಗೆ ಏನೂ ಹಗುರವಾಗಲಿಲ್ಲ.

ಬೆಳಿಗ್ಗೆ ಆಲೂರಿನಿಂದ ಜೈನಾಬಿಯ ತಂಗಿಯ ಫೋನು ಬಂತು. ಆ ಅಕ್ಕತಂಗಿಯರ ಮಾತುಕತೆ ಇಡೀ ಕೇರಿಗೆ ಕೇಳಬೇಕು. ಜೈನಾಬಿ ಫೋನಿನ ಸ್ಪೀಕರ್ ಹಾಕಿ, ಒಲೆಯ ಕಟ್ಟೆಯ ಮೇಲಿಟ್ಟು, ಈರುಳ್ಳಿ ಹೆಚ್ಚುತ್ತಲೇ ನೆಂಟರಿಷ್ಟರ ಜಾತಕವನ್ನೆಲ್ಲ ಜಾಲಾಡುವವಳು. ಇವತ್ತು ಅವಳು ಈಳಿಗೆಮಣೆ ಬಿಟ್ಟು ಎದ್ದಳು. ಫೋನು ಹಿಡಿದು ಹಿತ್ತಲ ಬಾಗಿಲು ದಾಟಿ, ನೋಯುವ ಮಂಡಿಯನ್ನು ಎಳೆಯುತ್ತ, ಮೆಣಸಿನ ಬಳ್ಳಿ ಹಬ್ಬಿದ ಮರದ ಆಚೆಯವರೆಗೂ ನಡೆದಳು. ಅಲ್ಲಿ ನಿಂತು ಒಮ್ಮೆ ಹಿಂತಿರುಗಿ ಅಡುಗೆಮನೆಯ ಕಿಟಕಿಯನ್ನು ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾತು ಶುರುಮಾಡಿದಳು.

ನೂರೀನ್ ಕಿಟಕಿಯಿಂದ ಈಚೆ ಸರಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಆಗಲೇ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಬುಟ್ಟಿಯಿಂದ ಒಂದೊಂದಾಗಿ ತೆಗೆದು, ಹಿತ್ತಲ ಕೊನೆಯವರೆಗೂ ಕೇಳುವ ಹಾಗೆ ಸದ್ದು ಮಾಡುತ್ತ, ಮತ್ತೆ ಮೊದಲಿಂದ ತೊಳೆಯತೊಡಗಿದಳು.